ಮಾಳಿಗೆಯ ಮೇಲಿನ 300 ವೋಲ್ಟ್

ಅಂಕಲಗಿಯಂಥ ಊರಲ್ಲಿ ಮನೆಗೆ ಸೋಲಾರ್ ಕೂರಿಸುವಾಗ ಡಿಸಿ ಎಂಸಿಬಿ, ಅರ್ಥಿಂಗ್, ಒಳ್ಳೆಯ ಕೇಬಲ್ ಬೇಕೆಂದರೆ ಸಾಕು, ಸುಮ್ಮನೆ ಖರ್ಚು ಬೆಳೆಸುತ್ತೀರಿ ಎಂಬ ಆಕ್ಷೇಪ ಏಳುತ್ತದೆ. ಹಾಗೆನ್ನುವವರಿಗೆ ಅನುಭವವಿಲ್ಲ ಎಂದಲ್ಲ. ಆದರೆ ಆ ಅನುಭವ 12 ವೋಲ್ಟ್ ಬ್ಯಾಟರಿಯ ದೀಪದ್ದು. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನ ಸಿಗುವ 3 ಕಿಲೋವ್ಯಾಟ್ ಘಟಕದ ಲೆಕ್ಕವೇ ಬೇರೆ.

“ಸೋಲಾರ್ ಕರೆಂಟ್ ಏನ್ ಹೊಡಿತೈತ್ರಿ?” ಹೊಡೆಯುತ್ತದೆ, ಜೀವವನ್ನೂ ತೆಗೆಯುತ್ತದೆ. 540 ವ್ಯಾಟಿನ ಒಂದು ಪ್ಯಾನೆಲ್ಲಿನ ತುದಿಗಳಲ್ಲಿ ಸುಮಾರು 50 ವೋಲ್ಟ್ ಇರುತ್ತದೆ. ಆರನ್ನು ಸಾಲಾಗಿ, ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಸೇರಿಸಿದರೆ 300. ಚಳಿಗಾಲದ ಬೆಳಗಿನಲ್ಲಿ ಇನ್ನೂ ಏರುತ್ತದೆ. ಇನ್ವರ್ಟರ್ ಬಂದ್ ಮಾಡಿದರೂ ಬಿಸಿಲಿರುವ ತನಕ ಆ ತಂತಿ ಸತ್ತಿರುವುದಿಲ್ಲ.

“ಮನ್ಯಾಗಿನ ಎಂಸಿಬಿನ ಹಾಕಿದ್ರ ಆತು.” ಅತಿ ಅಪಾಯದ ಮಾತು ಇದೇ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಎಂಸಿಬಿ ಕರೆಂಟು ಕಡಿಯುವಾಗ ಅದರೊಳಗೆ ಹುಟ್ಟಿದ ಕಿಡಿ ಆ ಕ್ಷಣದಲ್ಲಿ ಆರುತ್ತದೆ. ಪ್ಯಾನೆಲ್ಲಿನ ಡಿಸಿ ಹಾಗೆ ಇಳಿಯುವುದೇ ಇಲ್ಲ. ಬಿಚ್ಚಿದ ತುದಿಗಳ ನಡುವೆ ಕಿಡಿ ಎಳೆಯಾಗಿ ನಿಂತು ಉರಿಯುತ್ತದೆ, ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿ ಹಿಡಿಯುತ್ತದೆ. ಕಿಡಿಯನ್ನು ಎಳೆದು ಆರಿಸುವ ಏರ್ಪಾಡು ಡಿಸಿ ಎಂಸಿಬಿಯೊಳಗಿದೆ. ಅದು ತಾಳುವ ವೋಲ್ಟೇಜ್ ಪ್ಯಾನೆಲ್ ಸಾಲಿನ ಒಟ್ಟು ವೋಲ್ಟೇಜಿಗಿಂತ ಹೆಚ್ಚಿರಬೇಕು. ಕರೆಂಟು ಹರಿಯುತ್ತಿರುವಾಗ ಪ್ಯಾನೆಲ್ ತಂತಿಗಳನ್ನು ಕೂಡಿಸುವ ಎಂಸಿ4 ಕನೆಕ್ಟರ್ ಎಳೆಯಬಾರದೆನ್ನುವುದೂ ಇದೇ ಕಾರಣಕ್ಕೆ. ಒಂದು ಕಂಪನಿಯ ಕನೆಕ್ಟರಿಗೆ ಇನ್ನೊಂದರದನ್ನು ತುರುಕಿದರೂ ಕೂಡುತ್ತದೆ, ಆದರೆ ಒಳಗಿನ ಲೋಹ ಸರಿಯಾಗಿ ಕಚ್ಚದೆ ಕಾಯುತ್ತದೆ.

“ಹಳೇ ಪ್ಯಾನೆಲ್ ಅದಾವ, ಅವನ್ನೂ ಜೋಡಿಸ್ರಿ.” ಸಾಲಿನಲ್ಲಿ ಸೇರಿಸಿದರೆ ಕಡಿಮೆ ಆಂಪಿಯರಿನದು ಉಳಿದವನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ. ಪ್ಯಾರಲಲ್ ಮಾಡುವುದಾದರೆ ವೋಲ್ಟೇಜ್ ಹೊಂದಬೇಕು. ಮೂರು ಅಥವಾ ಹೆಚ್ಚು ಸಾಲುಗಳನ್ನು ಪ್ಯಾರಲಲ್ ಮಾಡಿದರೆ ಪ್ರತಿ ಸಾಲಿಗೂ ಫ್ಯೂಸ್ ಬೇಕು. ಒಂದು ಸಾಲು ಕೆಟ್ಟರೆ ಉಳಿದವುಗಳ ಕರೆಂಟೆಲ್ಲ ಅದಕ್ಕೇ ನುಗ್ಗುತ್ತದೆ.

ಅರ್ಥಿಂಗ್ ಬಗ್ಗೆ ವಾದವೇ ಬೇಡ. ಇನ್ಸುಲೇಶನ್ ಹರಿದು ಕಬ್ಬಿಣದ ಸ್ಟ್ಯಾಂಡಿಗೆ ತಂತಿ ತಾಗಿದ ದಿನ, ಪ್ಯಾನೆಲ್ ಒರೆಸಲು ಹತ್ತಿದವರ ಕೈ ಅದರ ಮೇಲಿರುತ್ತದೆ.

“ಲೈನ್ ಹೋದ್ರ ಸೋಲಾರೂ ಬಂದ್ ಆಗ್ತೈತಿ, ಅದನ್ನ ಬೈಪಾಸ್ ಮಾಡ್ರಿ.” ಇದನ್ನು ಮಾತ್ರ ಯಾರೂ ಮಾಡಿಕೊಡಬಾರದು. ಹೆಸ್ಕಾಂ ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮಾಳಿಗೆಯ ಕರೆಂಟು ತಾಗದಿರಲೆಂದೇ ಇನ್ವರ್ಟರ್ ನಿಲ್ಲುತ್ತದೆ. ಲೈನ್ ಇಲ್ಲದಾಗಲೂ ದೀಪ ಬೇಕಿದ್ದರೆ ಬ್ಯಾಟರಿಯಿರುವ ಹೈಬ್ರಿಡ್ ಇನ್ವರ್ಟರ್ ಹಾಕಿಸಿ. ಅದು ಮನೆಯನ್ನು ಲೈನಿನಿಂದ ಬೇರ್ಪಡಿಸಿದ ಮೇಲೆಯೇ ಕರೆಂಟು ಕೊಡುತ್ತದೆ.