ಗೃಹಯಂತ್ರ: ಪಿಸ್ಟನ್ನಿನ ನೆತ್ತಿಯನ್ನು ಕಾಣುವ ಬಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಹೊಲಮನೆಗಳಿಗೆ ಆಯಿಲ್ ಎಂಜಿನ್ನಿನ ಸದ್ದು ಹೊಸದಲ್ಲ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯನ್ನು ತೆರೆದ ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. 1946ರಲ್ಲಿ ಪುಣೆಯಲ್ಲಿ ಅವರ ಮನೆತನದ ಆಯಿಲ್ ಎಂಜಿನ್ ಕಾರಖಾನೆಯು ಹುಟ್ಟಿತು. ಇಂದು ಬಹಳಷ್ಟು ಬಾವಿಗಳ ಮೇಲೆ ವಿದ್ಯುತ್ ಮೋಟರು ಕುಳಿತಿದೆ, ನಿಜ. ಆದರೂ ಕರೆಂಟು ಕೈಕೊಟ್ಟ ದಿನ ಕಬ್ಬಿನ ಬಾಯಿಗೆ ನೀರು ಬಿಡುವುದು ಮೂಲೆಯ ಹಳೆಯ ಎಂಜಿನ್ನೇ.

ಒಮ್ಮೆ ಬೇಸಗೆಯಲ್ಲಿ ನಾವೇ ಒಂದು ಎಂಜಿನ್ನಿನ ವಾಲ್ವುಗಳ ಸಂದನ್ನು ಸರಿಪಡಿಸಲು ಕುಳಿತೆವು. ಗಾಲಿಯ ಮೇಲಿನ ಗುರುತನ್ನು ನೇರಕ್ಕೆ ತಂದು, ಸಂದನ್ನು ಅಳೆದು, ತಿರುಪನ್ನು ಬಿಗಿದೆವು. ಎಂಜಿನ್ ಹತ್ತಿತು, ಆದರೆ ಕಟಕಟ ಸದ್ದು, ಕರಿಯ ಹೊಗೆ, ನೀರು ಮೇಲೇರದು. ಎರಡು ದಿನ ಬೆಳೆ ಬಾಡಿತು. ತಪ್ಪು ಯಂತ್ರದ್ದಲ್ಲ, ನಮ್ಮದು. ಅದನ್ನು ವಾಚಕರು ಮಾಡದಿರಲೆಂದು ಈ ತಿಂಗಳ ಮಾತು.

ನಾಲ್ಕು ಓಟದ ಎಂಜಿನ್ನಿನಲ್ಲಿ ಪಿಸ್ಟನ್ನು ಗಾಳಿಯನ್ನು ಎಳೆಯುತ್ತ ಇಳಿಯುತ್ತದೆ, ಅದನ್ನು ಒತ್ತುತ್ತ ಏರುತ್ತದೆ, ಉರಿಯ ಬಲದಿಂದ ಇಳಿಯುತ್ತದೆ, ಹೊಗೆಯನ್ನು ನೂಕುತ್ತ ಮತ್ತೆ ಏರುತ್ತದೆ. ಇದಕ್ಕೆ ಗಾಲಿಯು ಎರಡು ಸುತ್ತು ತಿರುಗಬೇಕು. ಅಂದಮೇಲೆ ಪಿಸ್ಟನ್ನು ನೆತ್ತಿಯನ್ನು ಮುಟ್ಟುವುದು ಎರಡು ಸಲ. ಗಾಲಿಯ ಗುರುತು ಎರಡು ಸಲವೂ ಒಂದೇ ಕಡೆ ಬಂದು ನಿಲ್ಲುತ್ತದೆ. ಗಾಳಿಯನ್ನು ಒತ್ತಿ ಮುಗಿದಾಗ ಎರಡು ವಾಲ್ವುಗಳೂ ಮುಚ್ಚಿರುತ್ತವೆ, ಅಳೆಯಬೇಕಾದುದು ಆಗ. ಹೊಗೆಯನ್ನು ನೂಕಿ ಮುಗಿದಾಗ ಎರಡೂ ಕೊಂಚ ತೆರೆದಿರುತ್ತವೆ; ನಾವು ಅಳೆದುದು ಆಗ! ಆದ್ದರಿಂದಲೇ ಸಂದು ಹೆಚ್ಚಾಗಿ, ವಾಲ್ವುಗಳು ತಡವಾಗಿ ತೆರೆದು ಬೇಗನೆ ಮುಚ್ಚಿ, ಎಂಜಿನ್ನಿಗೆ ಉಸಿರು ಕಟ್ಟಿತು.

ಸರಿಯಾದ ಕ್ರಮ ಹೀಗೆ. ಎಂಜಿನ್ ತಣ್ಣಗಿರಲಿ, ಎಣ್ಣೆಯನ್ನು ನಿಲ್ಲಿಸಿರಿ, ಹ್ಯಾಂಡಲನ್ನು ತೆಗೆದಿಡಿರಿ. ಧೋತರದ ಚುಂಗು, ಸೀರೆಯ ಸೆರಗು ಬಿಗಿಯಾಗಿರಲಿ, ಮಕ್ಕಳು ದೂರವಿರಲಿ. ಒತ್ತಿದ ಗಾಳಿಯು ಗಾಲಿಯನ್ನು ಹಿಂದಕ್ಕೆ ಒದೆಯಬಲ್ಲುದು. ಮೇಲಿನ ಮುಚ್ಚಳವನ್ನು ತೆಗೆದು, ಎಂಜಿನ್ ಓಡುವ ದಿಕ್ಕಿಗೇ ಗಾಲಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿರಿ. ಗಾಳಿಯ ವಾಲ್ವು ಕೆಳಗೆ ಇಳಿದು ಮತ್ತೆ ಮೇಲೆ ಬಂದು ಮುಚ್ಚಿಕೊಂಡಿತೇ? ಇನ್ನು ಮುಂದೆ ಬರುವ ಗುರುತೇ ನಮಗೆ ಬೇಕಾದುದು. ಅಲ್ಲಿ ನಿಲ್ಲಿಸಿ, ಒತ್ತಡ ಇಳಿಸುವ ಕೀಲಿ ಇದ್ದರೆ ಅದನ್ನು ಬಿಟ್ಟುಬಿಡಿರಿ. ಅದು ವಾಲ್ವನ್ನು ಒತ್ತಿ ಹಿಡಿದಿದ್ದರೆ ಅಳತೆ ಸುಳ್ಳಾಗುವುದು.

ಈಗ ಗಾಲಿಯನ್ನು ನಾಲ್ಕು ಬೆರಳು ಆಚೆ ಈಚೆ ಅಲ್ಲಾಡಿಸಿ ನೋಡಿರಿ. ಎರಡು ವಾಲ್ವುಗಳೂ ಕದಲದೆ, ಅವುಗಳ ಮೇಲಿನ ತೋಳುಗಳು ಸಡಿಲವಾಗಿದ್ದರೆ ಸ್ಥಳ ಸರಿ. ಒಂದು ಏರುತ್ತ ಇನ್ನೊಂದು ಇಳಿಯುತ್ತಿದ್ದರೆ ಪೂರ್ತಿ ಒಂದು ಸುತ್ತು ಮುಂದೆ ತಿರುಗಿಸಿರಿ. ಸಂದು ಎಷ್ಟಿರಬೇಕೆಂಬುದನ್ನು ಆ ಎಂಜಿನ್ನಿನ ಪುಸ್ತಕವೇ ಹೇಳಬೇಕು.

ಗುರುತೇ ಅಳಿಸಿಹೋಗಿದ್ದರೆ? ಕಣ್ಣಂದಾಜು ಸಾಲದು. ತುದಿಗೇರಿದ ಜೋಕಾಲಿ ಚಣ ನಿಂತಂತೆ ಕಾಣುವ ಹಾಗೆ, ಪಿಸ್ಟನ್ನೂ ನೆತ್ತಿಯಲ್ಲಿ ನಿಂತಂತೆ ತೋರುತ್ತದೆ. ಎರಡು ಅಡಿ ಅಡ್ಡಳತೆಯ ಗಾಲಿಯ ಅಂಚು ನೆತ್ತಿಯಿಂದ ಒಂದಂಗುಲ ಸರಿದರೂ, 110 ಮಿಲಿಮೀಟರ್ ಓಟದ ಪಿಸ್ಟನ್ನು ಇಳಿಯುವುದು ಕಾಲು ಮಿಲಿಮೀಟರಿನಷ್ಟೇ. ಇದಕ್ಕೆ ಬಲ್ಲವರು ಎಣ್ಣೆ ಚಿಮ್ಮುವ ನಳಿಕೆಯನ್ನು ಬಿಚ್ಚಿ, ಆ ರಂಧ್ರದಲ್ಲಿ ಭದ್ರವಾಗಿ ಕೂರುವ ಲೋಹದ ತಡೆಯನ್ನು ಇಡುತ್ತಾರೆ. ಗಾಲಿಯನ್ನು ಒಂದು ಕಡೆಗೆ ಮೆಲ್ಲಗೆ ತಿರುಗಿಸಿ, ಪಿಸ್ಟನ್ನು ತಡೆಗೆ ತಾಗಿದಲ್ಲಿ ಗೆರೆ ಎಳೆಯುತ್ತಾರೆ. ಹಿಮ್ಮುಖವಾಗಿ ತಿರುಗಿಸಿ ತಾಗಿದಲ್ಲಿ ಇನ್ನೊಂದು ಗೆರೆ. ಎರಡರ ನಟ್ಟನಡುವೆ ನಿಜವಾದ ನೆತ್ತಿ. ಕಡ್ಡಿ ಕಸಬರಿಗೆಯನ್ನು ಮಾತ್ರ ತೂರಿಸಬೇಡಿರಿ. ಮುರಿದು ಒಳಗೆ ಬಿದ್ದರೆ ಎಂಜಿನ್ನನ್ನೇ ಬಿಚ್ಚಬೇಕಾದೀತು.

ಗುರುತು ದೊರೆತ ದಿನವೇ ಅದನ್ನು ಬಣ್ಣದಿಂದ ತಿದ್ದಿರಿ. ಮನೆಯ ಗಂಡುಹೆಣ್ಣು ಮಕ್ಕಳಿಗೆಲ್ಲ ತೋರಿಸಿಕೊಡಿರಿ. ಯಂತ್ರದ ಗುಟ್ಟು ಮನೆಯಲ್ಲಿ ಒಬ್ಬರಿಗೇ ತಿಳಿದಿದ್ದರೆ, ಅವರು ಊರಲ್ಲಿಲ್ಲದ ದಿನವೇ ಬೆಳೆಗೆ ನೀರಡಿಕೆಯಾಗುತ್ತದೆ.