ಮಿಶ್ರಿ ಡಬ್ಬಿ ಮತ್ತು ಮಗುವಿನ ಬೆರಳು



ಸಂಘದ ವರ್ಗಣಿ ಎತ್ತಲು ಬೆಳಿಗ್ಗೆ ಸೊಲ್ಲಾಪುರದ ಬೀಡಿ ಕಟ್ಟುವವರ ಓಣಿಗಳಿಗೆ ಹೋಗುವವರಿಗೆ ಇದು ಹೊಸ ನೋಟವಲ್ಲ. ಅವ್ವ ಹೊಸ್ತಿಲ ಬಳಿ ಕುಳಿತು ಡಬ್ಬಿಯಿಂದ ಚಿಟಿಕೆ ಮಿಶ್ರಿ ತೆಗೆದು ವಸಡಿಗೆ ತಿಕ್ಕಿಕೊಳ್ಳುತ್ತಾಳೆ. ಪಕ್ಕದಲ್ಲಿ ಆರು ವರ್ಷದ ಮಗಳು ಅದೇ ಡಬ್ಬಿಗೆ ಬೆರಳು ಅದ್ದುತ್ತಾಳೆ. ಯಾರೂ ಬೈಯುವುದಿಲ್ಲ. ಹಲ್ಲು ತಿಕ್ಕುವ ಒಳ್ಳೆಯ ರೂಢಿ ಮಗುವಿಗೆ ಹತ್ತಿತೆಂದೇ ಮನೆಯವರ ಎಣಿಕೆ.

ಮಿಶ್ರಿ ಎಂದರೆ ತಂಬಾಕನ್ನು ಹಂಚಿನ ಮೇಲೆ ಕಪ್ಪಾಗುವ ತನಕ ಹುರಿದು ಮಾಡಿದ ಪುಡಿ. ಹುರಿದ ಮಾತ್ರಕ್ಕೆ ತಂಬಾಕಿನ ಗುಣ ಹೋಗುವುದಿಲ್ಲ. ಅದರ ನಿಕೋಟಿನ್ ವಸಡಿನ ಮೂಲಕವೇ ರಕ್ತಕ್ಕೆ ಸೇರುತ್ತದೆ. ಮೊದಮೊದಲು ತಲೆ ತಿರುಗುತ್ತದೆ. ಕೆಲವು ದಿನ ಕಳೆದರೆ ಅದಿಲ್ಲದೆ ಹೊಟ್ಟೆಯೂ ಸರಿಯಿಲ್ಲ, ತಲೆಯೂ ಸರಿಯಿಲ್ಲ. ದಿನಕ್ಕೆ ಒಂದು ಸಲ ಇದ್ದದ್ದು ನಾಲ್ಕು ಸಲವಾಗುತ್ತದೆ. ವಸಡು ಹಲ್ಲನ್ನು ಬಿಡುತ್ತದೆ, ಬಾಯಲ್ಲಿ ಬಿಳಿ ಮಚ್ಚೆ ಏಳುತ್ತದೆ, ಕೆಲವರಿಗೆ ಕ್ಯಾನ್ಸರ್. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಭಾರತ ಸರಕಾರ 1992ರಲ್ಲೇ ನಿಷೇಧಿಸಿತು. 18 ವರ್ಷ ತುಂಬದವರಿಗೆ ತಂಬಾಕು ಮಾರಬಾರದು, ಶಾಲೆಯಿಂದ 100 ಗಜದೊಳಗೆ ಮಾರಬಾರದು ಎಂದು 2003ರ ಕಾಯಿದೆ ಹೇಳುತ್ತದೆ. ಆದರೆ ಮನೆಯ ಒಲೆಯ ಮೇಲೆ ಹುರಿದದ್ದನ್ನು ಯಾವ ಕಾಯಿದೆ ಹಿಡಿದೀತು? ಬೀಡಿ ಕಟ್ಟುವ ಮನೆಯಲ್ಲಂತೂ ತಂಬಾಕು ಅಂಗಡಿಯಿಂದ ಬರಬೇಕಾಗಿಲ್ಲ, ಮೊರದಲ್ಲೇ ಇದೆ.

ಒಬ್ಬ ತಾಯಿಗೆ ಇದನ್ನೆಲ್ಲ ಹೇಳಿದೆ. ಆಕೆ ಎಲೆ ಕತ್ತರಿಸುವುದನ್ನು ನಿಲ್ಲಿಸದೆ ಕೇಳಿದಳು: "ಅಣ್ಣಾರ, ಸಾವಿರ ಬೀಡಿ ಆಗೂತನಕ ಹೊಟ್ಟಿ ಹಸೀಬಾರದಲ್ರೀ, ಅದಕ್ಕ ಏನ್ ಮಾಡ್ಲಿ?" ನನ್ನಲ್ಲಿ ಉತ್ತರವಿರಲಿಲ್ಲ. ಬೀಡಿಯ ಕೂಲಿ ಸಾವಿರದ ಲೆಕ್ಕ. ಊಟಕ್ಕೆ ಎದ್ದರೆ ಲೆಕ್ಕ ಇಳಿಯುತ್ತದೆ, ಮಿಶ್ರಿ ಹಸಿವನ್ನು ಅಡಗಿಸುತ್ತದೆ. ಆದ್ದರಿಂದ ಈ ಚಟವನ್ನು ಬರಿಯ ಅಜ್ಞಾನವೆಂದು ಕರೆಯುವವರ ಜೊತೆ ನಾನು ದನಿಗೂಡಿಸಲಾರೆ. ಕೂಲಿ ದರದ ಹೋರಾಟ ನಡೆಯಲೇಬೇಕು. ಆದರೆ ಅದು ಇತ್ಯರ್ಥವಾಗುವ ತನಕ ಆರು ವರ್ಷದ ಮಗುವಿನ ಬಾಯಿ ಕಾಯುವುದಿಲ್ಲ.

ಏಕೆಂದರೆ ಆರನೆಯ ವರ್ಷದ ಸುಮಾರಿಗೇ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. ಹಾಲುಹಲ್ಲು ಬಿದ್ದ ಜಾಗದಲ್ಲಿ ಅದು ಬರುವುದಿಲ್ಲವಾದ್ದರಿಂದ ಬಹಳ ತಾಯಂದಿರಿಗೆ ಗೊತ್ತೇ ಆಗುವುದಿಲ್ಲ. ಕೆಟ್ಟರೆ ಇನ್ನೊಂದಿಲ್ಲ. ಮೆತ್ತನೆಯ ಬ್ರಶ್ಶು, ಬಟಾಣಿ ಕಾಳಿನಷ್ಟು ಪೇಸ್ಟು, ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಇಷ್ಟು ಸಾಕು. ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಸರಿಯಾಗಿ ತಿಕ್ಕಲು ಬಾರದು, ಕೊನೆಗೆ ದೊಡ್ಡವರೇ ಒಮ್ಮೆ ತಿಕ್ಕಬೇಕು. ಬ್ರಶ್ಶು ನೀರಿನ ಕೊಡದ ಪಕ್ಕದಲ್ಲೇ ಇರಲಿ. ರಾತ್ರಿ ಹಾಸಿಗೆ ಹಾಸುವ ಮೊದಲು ಹಲ್ಲು, ಊಟದ ಮೊದಲು ಸಾಬೂನಿನ ಕೈ, ಹೀಗೆ ನಿತ್ಯದ ಕೆಲಸಕ್ಕೆ ಗಂಟು ಹಾಕಿಬಿಟ್ಟರೆ ದಿನವೂ ಕೂಗಬೇಕಾಗುವುದಿಲ್ಲ. ಬೀಡಿ ಕಟ್ಟಿದ ಕೈಯಿಂದಲೇ ಮಕ್ಕಳಿಗೆ ರೊಟ್ಟಿ ಮುರಿದು ಕೊಡುವುದೂ ನಿಲ್ಲಬೇಕು.

ಒಂದು ದಿನ ತಪ್ಪಿದರೆ ಹೊಡೆಯಬೇಡಿ. 2009ರಲ್ಲಿ ಲಂಡನ್ನಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ರೂಢಿ ತಾನಾಗಿ ನಡೆಯಲು ಸುಮಾರು 66 ದಿನ ಬೇಕಾಯಿತು, ಕೆಲವರಿಗೆ ಇನ್ನೂ ಬಹಳ ಹೆಚ್ಚು. ನಡುವೆ ಒಂದು ದಿನ ತಪ್ಪಿದ್ದರಿಂದ ಕೆಲಸ ಕೆಡಲಿಲ್ಲ. ಅವರೋ ದೊಡ್ಡವರು. ಮಕ್ಕಳಿಗೆ ನಮ್ಮ ತಾಳ್ಮೆ ಇನ್ನಷ್ಟು ಬೇಕು.

ನನ್ನದೂ ಒಂದು ಮಾತು ಒಪ್ಪಿಕೊಳ್ಳಬೇಕು. ಭಾನುವಾರದ ಜ್ಞಾನೋಪದೇಶದ ತರಗತಿಯಲ್ಲಿ ಇದನ್ನು ಹೇಳುತ್ತಿದ್ದಾಗ ಒಬ್ಬ ಹುಡುಗ ನನ್ನ ಅಂಗಿಯ ಜೇಬನ್ನೇ ನೋಡುತ್ತಿದ್ದ. ಅದರಲ್ಲಿ ತಂಬಾಕು ಸುಣ್ಣದ ಡಬ್ಬಿ ಇತ್ತು. ಬಿಟ್ಟು ಮೂರು ತಿಂಗಳಾಯಿತು. ನಡುವೆ ಎರಡು ಸಲ ಸೋತಿದ್ದೇನೆ.

ಆ ತಾಯಿ ಇನ್ನೂ ಮಿಶ್ರಿ ಬಿಟ್ಟಿಲ್ಲ. ಆದರೆ ಡಬ್ಬಿಯನ್ನು ಜಂತಿಯ ಮೇಲಿಟ್ಟು, ಮಗಳು ಶಾಲೆಗೆ ಹೋದ ಮೇಲೆ ಮಾತ್ರ ಇಳಿಸುತ್ತಾಳೆ. ಕಳೆದ ಸಲ ವರ್ಗಣಿಗೆ ಹೋದಾಗ ಹುಡುಗಿ ಬಾಯ್ತುಂಬ ನೊರೆ ಮಾಡಿಕೊಂಡು ನಲ್ಲಿಯ ಹತ್ತಿರ ನಿಂತಿದ್ದಳು.