ದುರ್ಯೋಧನನ ಪಾರ್ಟು ಯಾರಿಗೆ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ನಾಟಕ ಅಂದ್ರೆ ಕುರುಕ್ಷೇತ್ರ. ಬೇರೆ ನಾಟಕಗಳೂ ಇವೆ, ರಾಜಾ ಸತ್ಯವ್ರತ, ದಾನಶೂರ ಕರ್ಣ ಎಲ್ಲ ಆಡ್ತಾರೆ. ಆದ್ರೆ "ನಮ್ಮೂರಲ್ಲಿ ನಾಟಕ ಅದೆ, ಬನ್ನಿ" ಅಂತ ಯಾರಾದ್ರೂ ಕರೆದ್ರೆ ಯಾವ ನಾಟಕ ಅಂತ ಕೇಳೋ ಪದ್ಧತಿ ಇಲ್ಲ. ಹಾಗಾಗಿ ಈ ಭಾಗದಲ್ಲಿ ಬೆಳೆದವರು ಒಂದೇ ದುರ್ಯೋಧನನನ್ನು ಇಪ್ಪತ್ತು ಮೂವತ್ತು ಜನರ ಮೈಮೇಲೆ ನೋಡಿರ್ತಾರೆ. ಅದೇ ಹಾಡು, ಅದೇ ಮಟ್ಟು, ಅದೇ ಬಾಡಿಗೆ ಕಿರೀಟ. ಮನುಷ್ಯ ಮಾತ್ರ ಬೇರೆ. ಇಂಥದ್ದರಲ್ಲಿ ಹೋಲಿಕೆ ಮಾಡದೆ ಇರೋದೇ ಕಷ್ಟ, ಅಲ್ವಾ?

ಈ ನಾಟಕದ ಹಿಂದೆ ಕಂಪನಿ ನಾಟಕಗಳ ಕಾಲ ಇದೆ. ಬಿ. ಪುಟ್ಟಸ್ವಾಮಯ್ಯನವರು ಬರೆದ ಕುರುಕ್ಷೇತ್ರವನ್ನು ಗುಬ್ಬಿ ಕಂಪನಿಯವರು 1930ರ ದಶಕದಲ್ಲಿ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ಆಡಿದ್ದರು. ಈಗ ಹಳ್ಳಿಗಳಲ್ಲಿ ಓಡಾಡೋ ಪುಸ್ತಕ ಒಂದೇ ಅಲ್ಲ. ಒಬ್ಬೊಬ್ಬ ಡ್ರಾಮಾ ಮೇಷ್ಟ್ರ ಹತ್ತಿರ ಒಂದೊಂದು ಪ್ರತಿ, ಒಂದರ ಹಾಡು ಇನ್ನೊಂದರಲ್ಲಿ ಸೇರಿಕೊಂಡು ಬೆಳೆದಿದೆ. ಆನೆ ಹೋಯ್ತು, ಹಾರ್ಮೋನಿಯಂ ಉಳೀತು.

ಕರಾವಳಿಯ ಗೆಳೆಯರು ಬೈಯಬೇಡಿ, ಆದ್ರೆ ಒಂದು ವ್ಯತ್ಯಾಸ ಹೇಳ್ಲೇಬೇಕು. ನಿಮ್ಮ ಯಕ್ಷಗಾನದ ಗದಾಯುದ್ಧದಲ್ಲಿ ಕೌರವನಿಗೆ ಹಾಡೋದು ಭಾಗವತರು. ವೇಷಧಾರಿಗೆ ಕುಣಿತ ಮತ್ತು ಮಾತು. ನಮ್ಮಲ್ಲಿ ದುರ್ಯೋಧನನೇ ಹಾಡಬೇಕು. ಹಗಲು ಕಬ್ಬು ಕಡಿದವನು, ಆಲೆಮನೆಯಲ್ಲಿ ಹೊಗೆ ಕುಡಿದವನು, ಬಸ್ ಓಡಿಸಿದವನು ರಾತ್ರಿ ಕಪ್ಪು ಎರಡರ ಶ್ರುತಿಗೆ ನಿಂತು ಮೋಹನ, ಕಾಂಬೋಧಿ ಎತ್ತಬೇಕು. ಗಂಟಲು ಸೋತರೆ ರಾಜ ಸೋತ.

ನಾನು ನೋಡಿದ ದುರ್ಯೋಧನರಲ್ಲಿ ಹೆಚ್ಚಿನವರು ಗರ್ಜಿಸುವವರು. ಪರದೆ ಏಳೋದೇ ತಡ, ಮೀಸೆ ತಿರುವಿ, ತೊಡೆ ತಟ್ಟಿ, ಮೈಕಿಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ ಹೋಗಿ, ಹಾಡಿನ ಕೊನೆಯ ಸ್ವರವನ್ನು ಚಪ್ಪಾಳೆ ಬರೋ ತನಕ ಬಿಡೋದಿಲ್ಲ. "ಒನ್ಸ್ ಮೋರ್" ಅಂತ ಕೂಗೋಕೆ ಅವರ ಕಡೆಯ ಹುಡುಗರು ಮುಂದಿನ ಸಾಲಲ್ಲೇ ಕೂತಿರ್ತಾರೆ. ಆಮೇಲೆ ಹಾರ, ನೋಟಿನ ಮಾಲೆ, ಶಾಲು, ಮೊಬೈಲಲ್ಲಿ ಫೋಟೋ. ಸಂಧಾನಕ್ಕೆ ಬಂದ ಶ್ರೀಕೃಷ್ಣ ಪರಮಾತ್ಮ ಅಷ್ಟೂ ಹೊತ್ತು ಪಕ್ಕದಲ್ಲಿ ಕೈಕಟ್ಟಿ ನಿಂತಿರಬೇಕು :) ಒಂದು ಸಲ ಬೇಜಾರಾಗಿ ಕೃಷ್ಣನೇ ಸಿಂಹಾಸನದ ಮೇಲೆ ಕೂತುಬಿಟ್ಟಿದ್ದನ್ನೂ ನೋಡಿದ್ದೀನಿ.

ಈ ಗರ್ಜನೆಗೆ ಕಾರಣ ಇದೆ. ಕಾಲಕಾಲಕ್ಕೆ ಪರದೆಯ ಮೇಲೆ ಬಂದವರೆಲ್ಲ ಹಳ್ಳಿಯ ರಂಗದ ಮೇಲೂ ಬಂದಿದ್ದಾರೆ. 1977ರ ಬಭ್ರುವಾಹನ ಚಿತ್ರದಲ್ಲಿ ರಾಜ್‌ಕುಮಾರ್ ಮಾತಾಡಿದ ಧಾಟಿ ಈಗಲೂ ಅರ್ಜುನರ ಬಾಯಲ್ಲಿದೆ. ಅದೇ 1977ರಲ್ಲಿ ತೆಲುಗಿನ ದಾನವೀರಶೂರ ಕರ್ಣದಲ್ಲಿ ಎನ್.ಟಿ.ಆರ್. ಕೃಷ್ಣ, ಕರ್ಣ, ದುರ್ಯೋಧನ ಮೂರೂ ತಾವೇ ಮಾಡಿ ಸುಯೋಧನನಿಗೆ ಒಂದು ಗತ್ತು ಕೊಟ್ಟರು. ಆಮೇಲೆ ದೂರದರ್ಶನದ ಮಹಾಭಾರತದ ಪುನೀತ್ ಇಸ್ಸರ್. 2019ರ ಆಗಸ್ಟಿನಲ್ಲಿ ಕುರುಕ್ಷೇತ್ರ ಸಿನಿಮಾವೇ ಬಂತು, ದರ್ಶನ್ ದುರ್ಯೋಧನ. ಭೀಷ್ಮನಾಗಿದ್ದ ಅಂಬರೀಶ್ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರು ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರು, ಹಾಗಾಗಿ ನಮ್ಮ ಕಡೆ ಥಿಯೇಟರುಗಳಲ್ಲಿ ಭೀಷ್ಮನಿಗೂ ಶಿಳ್ಳೆ ಬಿತ್ತು. 2020ರ ಲಾಕ್‌ಡೌನಿನಲ್ಲಿ ಕನ್ನಡಕ್ಕೆ ಡಬ್ ಆದ ಮಹಾಭಾರತ ಧಾರಾವಾಹಿ ಮನೆಮನೆಯಲ್ಲಿ ಓಡಿತು. ಅಲ್ಲಿಂದೀಚೆಗೆ ಹುಡುಗರ ದುರ್ಯೋಧನ ನಿಧಾನಕ್ಕೆ ಕತ್ತು ತಿರುಗಿಸಿ ನೋಡೋಕೆ ಶುರುಮಾಡಿದ್ದಾನೆ.

ಇವರಲ್ಲಿ ಯಾರೂ ಹಾಡುವ ದುರ್ಯೋಧನ ಅಲ್ಲ ಅನ್ನೋದೇ ತೊಂದರೆ. ಕ್ಯಾಮೆರಾ ಮುಂದೆ ಕಣ್ಣಲ್ಲಿ ಆಗುವ ಕೆಲಸವನ್ನು ಇಲ್ಲಿ ರಾಗದಲ್ಲಿ ಮಾಡಬೇಕು. ಸಿನಿಮಾ ನೋಡಿ ಕಲಿತವನು ಮಾತಿನಲ್ಲಿ ದರ್ಶನ್, ಹಾಡಿನಲ್ಲಿ ಮೇಷ್ಟ್ರು. ಎರಡಕ್ಕೂ ಹೊಲಿಗೆಯೇ ಇರೋದಿಲ್ಲ.

ಮೇಷ್ಟ್ರ ವಿಷಯ ಬಂದಿದ್ದಕ್ಕೆ ಒಂದು ಮಾತು. ಮೊದಲು ಎರಡು ಮೂರು ತಿಂಗಳು ರಾತ್ರಿ ಹೊತ್ತು ದೇವಸ್ಥಾನದ ಜಗಲಿಯಲ್ಲೋ ಶಾಲೆ ವರಾಂಡದಲ್ಲೋ ಅಭ್ಯಾಸ, ಆಮೇಲೆ ಟ್ರಯಲ್. ಈಗ ಮೇಷ್ಟ್ರು ಹಾಡಿ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕ್ತಾರೆ, ಇವರು ಟ್ರ್ಯಾಕ್ಟರ್ ಮೇಲೆ ಕೂತು ಕೇಳ್ತಾರೆ. ಒಳ್ಳೇದೇ. ಆದ್ರೆ ಒಬ್ಬರೇ ಮೇಷ್ಟ್ರ ಹತ್ತಿರ ಕಲಿತ ನಾಲ್ಕು ಊರಿನ ದುರ್ಯೋಧನರು ಒಂದೇ ಜಾಗದಲ್ಲಿ ಉಸಿರು ತಗೊಳ್ತಾರೆ. ಮೇಷ್ಟ್ರಿಗೆ ರೆಕಾರ್ಡ್ ಮಾಡುವಾಗ ಬಂದ ಕೆಮ್ಮನ್ನೂ ಕಾಪಿ ಹೊಡೀತಾರೇನೋ ಅಂತ ನನಗೆ ಭಯ.

ಇನ್ನು ನನ್ನ ಮನಸ್ಸಲ್ಲಿ ಕೂತಿರೋ ಇಬ್ಬರ ಬಗ್ಗೆ.

ಒಬ್ಬರು ಮಳವಳ್ಳಿ ಕಡೆಯ ರೈತರು, ಅರವತ್ತು ದಾಟಿದ್ದವರು. ಮೊದಲ ದೃಶ್ಯ ನಿಮಗೆ ಗೊತ್ತು. ಕೃಷ್ಣ ಮಲಗಿದ್ದಾನೆ, ತಲೆಯ ಹತ್ತಿರ ದುರ್ಯೋಧನ, ಕಾಲ ಹತ್ತಿರ ಅರ್ಜುನ. ಅರ್ಜುನ ಕೃಷ್ಣನನ್ನು ಕೇಳ್ಕೊಳ್ತಾನೆ, ಸೈನ್ಯ ಇವನಿಗೆ ಉಳಿಯುತ್ತೆ. ಎಲ್ಲರೂ ಇಲ್ಲಿ ಅಟ್ಟಹಾಸ ಮಾಡ್ತಾರೆ. ಈ ಯಜಮಾನರು ನಗಲೇ ಇಲ್ಲ. ಕಬ್ಬಿಗೆ ಒಳ್ಳೆ ರೇಟು ಸಿಕ್ಕಿ, ಅದನ್ನ ಪಕ್ಕದವನಿಗೆ ತೋರಿಸಿಕೊಳ್ಳಬಾರದು ಅನ್ನೋ ಮುಖ ಮಾಡಿಕೊಂಡು ಶಾಲು ಸರಿಮಾಡಿಕೊಂಡರು ಅಷ್ಟೇ. ಹಾಡು ಕೆಳಸ್ಥಾಯಿಯಲ್ಲೇ. ಸಂಧಾನದ ದೃಶ್ಯದಲ್ಲಿ ಸಿಂಹಾಸನದಿಂದ ಏಳಲೂ ಇಲ್ಲ. ಐದು ಹಳ್ಳಿ ಕೊಡಲ್ಲ ಅನ್ನೋದನ್ನ, ಬದು ಒತ್ತಿಕೊಂಡ ದಾಯಾದಿ ಪಂಚಾಯ್ತಿಯಲ್ಲಿ ಹೇಳೋ ಹಾಗೆ, ತಣ್ಣಗೆ ಹೇಳಿದರು. ಜನ ಚಪ್ಪಾಳೆ ಹೊಡೀಲಿಲ್ಲ. ನನ್ನ ಪಕ್ಕ ಕೂತಿದ್ದ ಅಜ್ಜಿ ಮಾತ್ರ "ಅಯ್ಯೋ ಪಾಪಿ" ಅಂದ್ರು. ಅದಕ್ಕಿಂತ ದೊಡ್ಡ ಹಾರ ಬೇಕಾ?

ಇನ್ನೊಬ್ಬ ಮದ್ದೂರು ಕಡೆಯ ಒಂದು ಕಾಲೋನಿಯ ಹುಡುಗ. ನಮ್ಮ ಕಡೆ ಊರಿನವರದ್ದೇ ಒಂದು ಕುರುಕ್ಷೇತ್ರ, ಕಾಲೋನಿಯವರದ್ದೇ ಒಂದು ಕುರುಕ್ಷೇತ್ರ ಆಗೋದುಂಟು, ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಈ ಹುಡುಗ ಎರಡನೇ ದುರ್ಯೋಧನ. ಪಾರ್ಟುಗಳನ್ನು ಇಬ್ಬರಿಗೆ ಹಂಚೋದು ಇಲ್ಲಿ ಮಾಮೂಲು, ಕರಪತ್ರದಲ್ಲೇ ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ ಹಾಕಿರ್ತಾರೆ. ಸಭೆ, ಸಂಧಾನ ಎಲ್ಲ ಒಂದನೆಯವನ ಪಾಲು. ಇವನಿಗೆ ಸಿಕ್ಕಿದ್ದು ಬೆಳಗಿನ ಜಾವದ ದುರ್ಯೋಧನ: ಕರ್ಣ ಸತ್ತ ಮೇಲೆ, ತಮ್ಮಂದಿರೆಲ್ಲ ಹೋದ ಮೇಲೆ, ಕೊಳದ ಕಡೆ ನಡೆಯುವವನು. ಪೆಂಡಾಲಿನಲ್ಲಿ ಕಂಬಳಿ ಹೊದ್ದ ಮುದುಕರು, ನಿದ್ದೆ ಹೋದ ಮಕ್ಕಳು, ಅಷ್ಟೇ ಜನ. ದುಶ್ಶಾಸನನನ್ನು ನೆನೆದು ಹಾಡುವ ಹಾಡಿನ ನಡುವೆ ಅವನ ಗಂಟಲು ಕಟ್ಟಿತು. ಬೇರೆ ಯಾರಾದ್ರೂ ಆಗಿದ್ರೆ ಕಿರುಚಿ ಮುಚ್ಚಿಹಾಕ್ತಿದ್ರು. ಅವನು ಬಾಯಿ ಮುಚ್ಚಿ ನಿಂತ. ಆ ಸಾಲನ್ನು ಹಾರ್ಮೋನಿಯಂ ಒಂದೇ ನುಡಿಸಿತು. ಮೇಷ್ಟ್ರು ತಲೆ ಎತ್ತಿ ನೋಡಿ ಅದನ್ನೇ ಇನ್ನೊಂದು ಸುತ್ತು ನುಡಿಸಿದರು. ಅಷ್ಟು ಹೊತ್ತು ಅವನು ಗದೆಯನ್ನು ಊರುಗೋಲಿನ ಥರ ಊರಿಕೊಂಡು ನಡೆದ.

ರನ್ನನ ಗದಾಯುದ್ಧದಲ್ಲಿ ಹೆಣಗಳ ನಡುವೆ ಸಂಜಯನ ಜೊತೆ ನಡೆಯುವ ದುರ್ಯೋಧನ ಇದೇ ಮನುಷ್ಯ. ನಮ್ಮ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ.ಎಂ.ಶ್ರೀ. ಅದನ್ನೇ ಹಿಡಿದು 1926ರಲ್ಲಿ ಗದಾಯುದ್ಧ ನಾಟಕ ಮಾಡಿದ್ದು, ಗ್ರೀಕರ ದುರಂತ ನಾಯಕನ ಎತ್ತರದಲ್ಲಿ ಅವನನ್ನು ನಿಲ್ಲಿಸಿದ್ದು. ಆ ಹುಡುಗ ರನ್ನನನ್ನು ಓದಿರಲಿಕ್ಕಿಲ್ಲ. ಓದಿದವರು ಎಷ್ಟೋ ಜನಕ್ಕೆ ಆ ನಡಿಗೆ ಬರೋದೂ ಇಲ್ಲ.

ನನ್ನ ತಕರಾರು ಇಲ್ಲಿಂದ ಶುರು. ದುರ್ಯೋಧನನ ಪಾರ್ಟು ಹಂಚೋದು ದುಡ್ಡಿನ ಮೇಲೆ. ಸೀನರಿ, ಡ್ರೆಸ್ಸು, ಮೈಕು, ಲೈಟು, ಮೇಷ್ಟ್ರು, ಹೊರಗಿಂದ ಬರೋ ಕಲಾವಿದೆಯರ ಸಂಭಾವನೆ ಎಲ್ಲದಕ್ಕೂ ಪಾರ್ಟಿನ ಹಣವೇ ಆಧಾರ, ದುರ್ಯೋಧನ, ಕೃಷ್ಣ, ಭೀಮ, ಕರ್ಣ ದುಬಾರಿ. ಕೆಲವು ಕಡೆ ದುರ್ಯೋಧನನಿಗೆ ಲಕ್ಷದ ಮಾತೂ ಕೇಳಿಬರುತ್ತೆ. ದುಡ್ಡು ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಲ್ಲದೆ ಪರದೆಯೇ ಏಳೋದಿಲ್ಲ. ಆದ್ರೆ ಚೆನ್ನಾಗಿ ಹಾಡೋ ಕೂಲಿಯವನು ವರ್ಷ ವರ್ಷ ವಿದುರ, ಸಾತ್ಯಕಿ ಮಾಡ್ಕೊಂಡೇ ಉಳೀತಾನೆ. ಇದನ್ನ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ದ್ರೌಪದಿ, ಗಾಂಧಾರಿ ಮಾಡೋ ಕಲಾವಿದೆಯರು. ವಾರಕ್ಕೊಬ್ಬ ದುರ್ಯೋಧನನನ್ನು ನೋಡಿದವರು ಅವರು. ಅವನು ಮಾತು ಮರೆತಾಗ ಸೆರಗು ಬಾಯಿಗಿಟ್ಟು ಅಳುವ ನೆಪದಲ್ಲಿ ಅವನ ಮಾತನ್ನ ಅವನಿಗೇ ಹೇಳಿಕೊಡೋದು ಸುಮ್ನೆ ಬರೋ ವಿದ್ಯೆ ಅಲ್ಲ.

ಇನ್ನೊಂದು, ಮಂಡ್ಯದ ಕಲಾಮಂದಿರದಲ್ಲಿ ಹಗಲು ಹೊತ್ತು ಆಡುವ ಪ್ರಯೋಗಗಳು. ಮಳೆಯಿಲ್ಲ, ಕುರ್ಚಿ ಇದೆ, ಹೆಂಗಸರು ಮಕ್ಕಳು ಆರಾಮಾಗಿ ನೋಡಬಹುದು. ಆದ್ರೆ ಒನ್ಸ್ ಮೋರ್, ಸನ್ಮಾನ ಎಲ್ಲ ಮುಗಿಯೋ ಹೊತ್ತಿಗೆ ಗಡಿಯಾರ ನೋಡೋ ಪರಿಸ್ಥಿತಿ, ಕೊನೆಯ ದೃಶ್ಯಗಳು ಹತ್ತು ನಿಮಿಷಕ್ಕೆ ಇಳಿಯುತ್ತವೆ. ಕೊಳ ಇಲ್ಲ, ಹಾಡಿಲ್ಲ, ಸೀದಾ ಗದೆ, ತೊಡೆ, ಮಂಗಳ. ಆಗ ಉಳಿಯೋದು ಬರೀ ಖಳನಾಯಕ. ಸಭೆಯಲ್ಲಿ ಯಾರು ಬೇಕಾದ್ರೂ ರಾಜನ ಹಾಗೆ ಕಾಣ್ತಾರೆ, ಡ್ರೆಸ್ಸೇ ಆ ಕೆಲಸ ಮಾಡುತ್ತೆ. ಕಿರೀಟ ತೆಗೆದಿಟ್ಟ ಮೇಲೆ ಹಾಡೋದಿದೆಯಲ್ಲ, ನಾನು ಮಾರ್ಕ್ಸ್ ಕೊಡೋದು ಅಲ್ಲಿ.

ನನ್ನ ಸಲಹೆ ಸಣ್ಣದು. ಒಂದನೇ ದುರ್ಯೋಧನ ದುಡ್ಡು ಕೊಟ್ಟವರಿಗೇ ಇರಲಿ, ಹಾರ, ಫ್ಲೆಕ್ಸು ಎಲ್ಲ ಅವರಿಗೇ. ಎರಡನೇ ದುರ್ಯೋಧನನನ್ನು ಮಾತ್ರ ಮೇಷ್ಟ್ರು ಗಂಟಲು ಕೇಳಿ ಆರಿಸಲಿ, ಅವನಿಂದ ಒಂದು ರೂಪಾಯಿ ತಗೋಬೇಡಿ. ಆ ಹಣವನ್ನು ಉಳಿದ ಪಾರ್ಟುಗಳ ಮೇಲೆ ಹಂಚಿದ್ರೆ ಯಾರಿಗೂ ಭಾರ ಆಗಲ್ಲ. ಈ ಮಾತನ್ನ ಒಬ್ಬ ಹಿರಿಯರ ಹತ್ತಿರ ಹೇಳಿದಾಗ, "ಬಿಟ್ಟಿ ಸಿಕ್ಕ ಪಾರ್ಟಿಗೆ ಮರ್ಯಾದೆ ಇರಲ್ಲ ಕಣಪ್ಪ, ಅವನೇ ಒಪ್ಪಲ್ಲ ನೋಡು" ಅಂದ್ರು. ಅದೂ ಇರಬಹುದು. ಹಾಗಾದ್ರೆ ಇಡೀ ಊರು ಸೇರಿ ಅವನಿಗೆ ಕೊಡಲಿ.

ತುಮಕೂರು, ಹಾಸನ, ಕೋಲಾರದ ಕಡೆಯವರು ಇದ್ದೀರಲ್ಲ, ನಿಮ್ಮ ಊರುಗಳಲ್ಲಿ ಪಾರ್ಟು ಹೇಗೆ ಹಂಚ್ತಾರೆ? ಬೆಳಗಿನ ಜಾವದ ತನಕ ಎದ್ದಿದ್ದು ಕೊನೆಯ ದುರ್ಯೋಧನನನ್ನು ನೋಡಿದವರು ಯಾರಾದ್ರೂ ಇದ್ರೆ, ಅವನು ಹೇಗೆ ಹಾಡಿದ ಅಂತ ಬರೀರಿ.